ನೆಲದಡಿಯ ಮಣ್ಣೂ ದಾಖಲೆಗೆ ಬರಲಿ: ಆದೋನಿ ಸೀಮೆಯ ಮನವಿ ಪತ್ರ

ಇವರಿಗೆ,
ಮಾನ್ಯ ಜಿಲ್ಲಾ ಕಲೆಕ್ಟರ್ ಅವರು, ಕರ್ನೂಲು
ಮುಖಾಂತರ: ಮಾನ್ಯ ಸಬ್ ಕಲೆಕ್ಟರ್ ಅವರು, ಆದೋನಿ

ವಿಷಯ: ನಿವೇಶನ ಹಂಚಿಕೆ, ಲೇಔಟ್ ಮಂಜೂರಾತಿ ಹಾಗೂ ಜಮೀನು ಕ್ರಯಕ್ಕೆ ಮುನ್ನ ಮಣ್ಣಿನ ವಿವರ ಒದಗಿಸುವಂತೆ ಕೋರಿ.

ಮಾನ್ಯರೇ,

ಆದೋನಿ, ಆಲೂರು, ಹೊಳಗುಂದ, ಹಾಲಹರ್ವಿ, ಕೌತಾಳಂ, ಕೋಸಗಿ ಭಾಗದಲ್ಲಿ ಜಮೀನು ಕೊಳ್ಳುವವರು ಇ.ಸಿ. (ಋಣಭಾರ ಪ್ರಮಾಣಪತ್ರ) ತೆಗೆಸುತ್ತಾರೆ, ಅಡಂಗಲ್ (ಪಹಣಿ) ನೋಡುತ್ತಾರೆ, ಹದ್ದು ಅಳೆಸುತ್ತಾರೆ. ಆದರೆ ತಾವು ಕೊಳ್ಳುತ್ತಿರುವುದು ಕಪ್ಪು ಎರೆಯೋ ಕೆಂಪು ಮಸಾರಿಯೋ, ಎಷ್ಟು ಆಳಕ್ಕೆ ಗಟ್ಟಿ ನೆಲ ಸಿಗುತ್ತದೆ ಎಂದು ತಿಳಿಸುವ ಒಂದು ಕಾಗದವೂ ಅವರ ಕೈಸೇರುವುದಿಲ್ಲ. ಈ ಸೀಮೆಯಲ್ಲಿ ಈ ಎರಡೂ ಮಣ್ಣುಗಳಿವೆ. ಎರೆಯ ಜೇಡಿಯಲ್ಲಿರುವ ಖನಿಜ ನೀರು ಹೀರಿ ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರಿದ ಹೊಲ ಮಳೆಗಾಲದಲ್ಲಿ ಮತ್ತೆ ಕೂಡಿಕೊಳ್ಳುತ್ತದೆ. ಅದರ ಮೇಲೆ ಮೇಲುಮೇಲಿನ ಪಾಯ ಹಾಕಿ ಕಟ್ಟಿದ ಮನೆಯಲ್ಲಿ ಕಿಟಕಿಯ ಮೂಲೆಯಿಂದ ಓರೆಯಾಗಿ ಬಿರುಕು ಏಳುತ್ತದೆ, ಬಾಗಿಲು ಚೌಕಟ್ಟಿಗೆ ಸಿಕ್ಕಿಕೊಳ್ಳುತ್ತದೆ, ನೆಲಹಾಸು ಮೇಲೇಳುತ್ತದೆ. ಇದನ್ನು ಮೇಸ್ತ್ರಿಯ ಕೈಗುಣದ ತಪ್ಪೆಂದು ತೇಲಿಸಿಬಿಡುವಂತಿಲ್ಲ. ಮಣ್ಣು ತಿಳಿಯದೆ ಪಾಯ ತೆಗೆದರೆ ಒಳ್ಳೆಯ ಮೇಸ್ತ್ರಿ ಕಟ್ಟಿದ ಗೋಡೆಯೂ ಸೀಳುತ್ತದೆ.

ತೋಟದ ಮಾತೂ ಇದೇ. ಸುಣ್ಣದ ಹರಳಿರುವ ಕ್ಷಾರ ಎರೆಯಲ್ಲಿ ನಿಂಬೆಗೆ ಕಬ್ಬಿಣಾಂಶ ದಕ್ಕದೆ ಎಳೆಯ ಎಲೆ ಹಳದಿಯಾಗುತ್ತದೆ. ಬಿಗಿಯಾದ ಎರೆಯಲ್ಲಿ ಶೇಂಗಾ ಕೀಳುವಾಗ ಕಾಯಿ ನೆಲದಲ್ಲೇ ಉಳಿದುಬಿಡುತ್ತದೆ. ತುಂಗಭದ್ರಾ ಅಣೆಕಟ್ಟಿನ ಕೆಳಮಟ್ಟದ ಕಾಲುವೆಯ ನೀರು ಹರಿಯುವ ಕಡೆ ಬಸಿಗಾಲುವೆ ಇಲ್ಲದಿದ್ದರೆ ಸವಳಿನ ಭಯವೂ ಸೇರಿಕೊಳ್ಳುತ್ತದೆ. ಇದೇ ಅಣೆಕಟ್ಟಿನ ಅಚ್ಚುಕಟ್ಟಿಗೆ ಸೇರಿದ ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರ ಸವಳು ನೆಲದ ಮೇಲೆಯೇ ಕೆಲಸ ಮಾಡುತ್ತಿರುವುದು ಸುಮ್ಮನೆ ಅಲ್ಲ. ಸಸಿ ನೆಟ್ಟು ಮೂರು ವರ್ಷ ಕಾದ ಮೇಲೆ ಮಣ್ಣು ಒಗ್ಗದೆಂದು ತಿಳಿದರೆ ರೈತನಿಗೆ ಆ ವರ್ಷಗಳನ್ನು ಯಾರೂ ಮರಳಿ ಕೊಡಲಾರರು.

ಮಣ್ಣನ್ನು ದಾಖಲೆಗೆ ತರುವುದು ಸರ್ಕಾರಕ್ಕೆ ಹೊಸ ಕೆಲಸವೇನಲ್ಲ. 1800ರಲ್ಲಿ ಈ ಸೀಮೆಯೂ ಸೇರಿದ್ದ ದತ್ತ ಮಂಡಲಗಳು ಈಸ್ಟ್ ಇಂಡಿಯಾ ಕಂಪನಿಯ ವಶವಾದ ಮೇಲೆ ಅಲ್ಲಿನ ಕಲೆಕ್ಟರ್ ಥಾಮಸ್ ಮನ್ರೋ ಹೊಲ ಹೊಲವನ್ನೂ ಅಳೆಸಿ, ಮಣ್ಣಿನ ಗುಣ ನೋಡಿ ಕಂದಾಯ ಕಟ್ಟಿಸಿದರು. ಆಮೇಲಿನ ಮದ್ರಾಸ್ ಸರ್ಕಾರದ ಸೆಟ್ಲ್‌ಮೆಂಟ್ ರಿಜಿಸ್ಟರುಗಳಲ್ಲಿ ಸರ್ವೆ ನಂಬರಿನ ಎದುರೇ ಮಣ್ಣಿನ ವರ್ಗ ಮತ್ತು ತರಂ (ದರ್ಜೆ) ಬರೆದಿದೆ. ಗಡಿಯಾಚೆ ಕರ್ನಾಟಕದ ಜಲಾನಯನ ಇಲಾಖೆ ಸುಜಲಾ-3 ಯೋಜನೆಯಲ್ಲಿ ಕೊಪ್ಪಳ, ಗದಗ, ಯಾದಗಿರಿ ಮುಂತಾದ ಜಿಲ್ಲೆಗಳ ಆಯ್ದ ಜಲಾನಯನಗಳಲ್ಲಿ 1:7920 ಅಳತೆಯ ಗ್ರಾಮ ನಕ್ಷೆಗಳ ಮೇಲೆ ಮಣ್ಣಿನ ಆಳ, ಇಳಿಜಾರು, ಬೆಳೆಯ ಯೋಗ್ಯತೆ ಗುರುತಿಸಿತು. ಕಂದಾಯ ವಸೂಲಿಗೆ ಬೇಕಾದಾಗ ಬರೆದ ಮಣ್ಣನ್ನು ಪ್ರಜೆಯ ಮನೆ, ತೋಟ ಉಳಿಸಲು ಬರೆಯಬಾರದೇಕೆ?

2015ರಿಂದ ಮಣ್ಣು ಆರೋಗ್ಯ ಚೀಟಿ ಇದೆಯಲ್ಲ ಎಂದು ಕೇಳಬಹುದು. ಆ ಚೀಟಿ ಗೊಬ್ಬರದ ಲೆಕ್ಕಕ್ಕೆ ಉಪಯುಕ್ತ, ಅದು ಮುಂದುವರಿಯಲಿ. ಆದರೆ ಅದರ ಮೂಲ ಮಾರ್ಗಸೂಚಿಯಂತೆ ಮಳೆಯಾಶ್ರಿತ ಭೂಮಿಯಲ್ಲಿ 10 ಹೆಕ್ಟೇರಿಗೆ, ಅಂದರೆ ಸುಮಾರು 25 ಎಕರೆಗೆ, ಒಂದೇ ಮಾದರಿ. ಅದೂ ಮೇಲಿನ ಒಂದು ಗೇಣು ಮಣ್ಣಿನದು. ಒಂದೂವರೆ ಸೆಂಟಿನ ನಿವೇಶನದ ಪಾಯಕ್ಕೆ ಅದರಿಂದ ಉತ್ತರ ಸಿಗದು. ಪರೀಕ್ಷೆಗೆ ಖರ್ಚು, ವಿಳಂಬ ಎಂಬ ಆಕ್ಷೇಪವೂ ಬರಬಹುದು. ಭಾರತೀಯ ಮಾನಕ ಸಂಸ್ಥೆ 1977ರಲ್ಲೇ ಗೊತ್ತುಪಡಿಸಿದ ಉಬ್ಬುವಿಕೆಯ ಪರೀಕ್ಷೆ ತೀರ ಸರಳ: ಒಣಗಿಸಿ ಜರಡಿ ಹಿಡಿದ 10 ಗ್ರಾಂ ಮಣ್ಣನ್ನು ಒಂದು ಅಳತೆ ಜಾಡಿಯಲ್ಲಿ ಬಟ್ಟಿ ಇಳಿಸಿದ ನೀರಿಗೆ, ಅಷ್ಟೇ ಮಣ್ಣನ್ನು ಇನ್ನೊಂದರಲ್ಲಿ ಸೀಮೆಎಣ್ಣೆಗೆ ಹಾಕಿ, 24 ಗಂಟೆ ಬಿಟ್ಟು ಎರಡರ ಮಟ್ಟ ಹೋಲಿಸುವುದು. ಸೀಮೆಎಣ್ಣೆಯಲ್ಲಿ ಮಣ್ಣು ಉಬ್ಬುವುದಿಲ್ಲ. ನೀರಿನಲ್ಲಿ ಎಷ್ಟು ಹೆಚ್ಚಾಯಿತೋ ಅಷ್ಟು ಅಪಾಯ. ಪೂರ್ಣ ತಪಾಸಣೆಗೆ ಇದು ಬದಲಿಯಲ್ಲ, ಆದರೆ ಅದು ಎಲ್ಲಿ ಬೇಕೆಂದು ತೋರಿಸಿಕೊಡುತ್ತದೆ. ಎರೆ ಎಂದು ಬರೆದರೆ ಜಮೀನಿನ ಬೆಲೆ ಇಳಿಯುತ್ತದೆ ಎನ್ನುವವರಿಗೆ ನಮ್ಮ ಉತ್ತರವಿಷ್ಟೇ: ಹತ್ತಿ, ಕಡಲೆಗೆ ಅದೇ ಎರೆ ಚಿನ್ನದ ನೆಲ. ಮನೆಗೂ ಅದು ನಿಷಿದ್ಧವಲ್ಲ. ಬುಡದಲ್ಲಿ ಗೆಡ್ಡೆಯಂತೆ ಅಗಲವಾಗುವ ಕಾಂಕ್ರೀಟ್ ಕಂಬಗಳನ್ನು ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ಇಂಥ ಮಣ್ಣಿಗೆಂದೇ ರೂಪಿಸಿದೆ. ಆದರೆ ಅದಕ್ಕೆ ಆಗುವ ಖರ್ಚು ಕೊಳ್ಳುವವರಿಗೆ ಮೊದಲೇ ತಿಳಿದಿರಬೇಕು. ಮೇಲೆ ಗರಸು ಹರಡಿದ ಲೇಔಟಿನಲ್ಲಿ ಕಣ್ಣಿಗೆ ಬೀಳುವುದು ಗರಸೇ, ಕೆಳಗಿನ ಎರೆ ಅಲ್ಲ.

ಆದ್ದರಿಂದ ನಮ್ಮ ಬೇಡಿಕೆಗಳು:

1. ಸರ್ಕಾರಿ ನಿವೇಶನ ಹಂಚುವ ಮುನ್ನ ಪಾಯದ ಆಳದವರೆಗೆ ಗುಂಡಿ ತೆಗೆದು ಮಣ್ಣು ಪರೀಕ್ಷಿಸಬೇಕು. ಎರೆ ಇದ್ದಲ್ಲಿ ಪಾಯಕ್ಕೆ ಹೆಚ್ಚುವರಿ ಸಹಾಯಧನ ನೀಡುವಂತೆ ಸರ್ಕಾರಕ್ಕೆ ಶಿಫಾರಸು ಮಾಡಬೇಕು.
2. ಖಾಸಗಿ ಲೇಔಟ್ ಮಂಜೂರಾತಿಗೆ ಮಣ್ಣಿನ ವರದಿ ಕಡ್ಡಾಯವಾಗಬೇಕು. ಅದರ ಸಾರಾಂಶವನ್ನು ಲೇಔಟಿನ ಫಲಕದಲ್ಲಿ ಬರೆಸಬೇಕು.
3. ಹಳೆಯ ಸೆಟ್ಲ್‌ಮೆಂಟ್ ರಿಜಿಸ್ಟರುಗಳ ಮಣ್ಣಿನ ವಿವರವನ್ನು ಗ್ರಾಮವಾರು ಪ್ರಕಟಿಸಿ, ಬನವಾಸಿ ಕೃಷಿ ವಿಜ್ಞಾನ ಕೇಂದ್ರದ ನೆರವಿನಿಂದ ಇಂದಿನ ಸ್ಥಿತಿಗೆ ತಾಳೆ ನೋಡಬೇಕು.
4. ಉದ್ಯೋಗ ಖಾತರಿ ಯೋಜನೆಯ ತೋಟಗಳಿಗೆ ಸಸಿ ಕೊಡುವ ಮುನ್ನ ಗುಂಡಿಯ ಮಣ್ಣು ಪರೀಕ್ಷೆಯಾಗಬೇಕು.
5. ಕನ್ನಡ ಮಾತಾಡುವ ಗ್ರಾಮಗಳಲ್ಲಿ ಈ ವಿವರಗಳು ತೆಲುಗಿನ ಜೊತೆ ಕನ್ನಡದಲ್ಲೂ ದೊರೆಯಬೇಕು.

ಮೊದಲ ಹಂತವಾಗಿ ಆದೋನಿ ರೆವಿನ್ಯೂ ವಿಭಾಗದಲ್ಲಿ ಮುಂದೆ ಹಂಚಲಿರುವ ನಿವೇಶನಗಳಿಗೆ ಒಂದನೇ ಬೇಡಿಕೆಯನ್ನು ಜಾರಿಗೊಳಿಸಿ, ಕೈಗೊಂಡ ಕ್ರಮವನ್ನು ಲಿಖಿತವಾಗಿ ತಿಳಿಸಬೇಕೆಂದು ವಿನಂತಿಸುತ್ತೇವೆ.

ತಮ್ಮ ವಿಶ್ವಾಸಿಗಳು,
ಆದೋನಿ–ಆಲೂರು ಸೀಮೆಯ ಕನ್ನಡ ಭಾಷಿಕ ರೈತರು ಮತ್ತು ನಿವೇಶನದಾರರು