ಆತ್ಮಕ್ಕೆ ದೀಕ್ಷೆ, ದೇಹಕ್ಕೆ ಸಂಕೋಲೆ

ಆಫ್ರಿಕದ ಕ್ರೈಸ್ತಮತದ ಬಗ್ಗೆ ನಮ್ಮಲ್ಲಿ ಎರಡು ಸಿದ್ಧವಾಕ್ಯಗಳು ಚಲಾವಣೆಯಲ್ಲಿವೆ. ಬಿಳಿಯರು ಒಂದು ಕೈಯಲ್ಲಿ ಬಂದೂಕನ್ನೂ ಇನ್ನೊಂದರಲ್ಲಿ ಬೈಬಲನ್ನೂ ಹಿಡಿದು ಹೋಗಿ ಒಂದಿಡೀ ಖಂಡವನ್ನು ಮತಾಂತರಿಸಿದರು ಎಂಬುದು ಒಂದು. ಮಿಷನರಿಗಳು ಕತ್ತಲೆಯ ಖಂಡಕ್ಕೆ ಅಕ್ಷರ, ಔಷಧ, ನಾಗರಿಕತೆಗಳನ್ನು ಕೊಂಡೊಯ್ದರು ಎಂಬುದು ಇನ್ನೊಂದು. ಪರಸ್ಪರ ವಿರುದ್ಧವೆಂದು ತೋರುವ ಈ ಎರಡೂ ವಾಕ್ಯಗಳಲ್ಲಿ ಕರ್ತೃಪದ ಬಿಳಿಯನದೇ; ಆಫ್ರಿಕದವನು ಎರಡರಲ್ಲಿಯೂ ಬರಿಯ ಕರ್ಮಪದ. ನಮ್ಮ ದೇಶದ ಮತಾಂತರ ವಿವಾದಗಳಲ್ಲಿ ಈ ವಾಕ್ಯಗಳನ್ನು ಆಯುಧದಂತೆ ಬಳಸುವವರು ಮೂಲ ಇತಿಹಾಸವನ್ನು ಒಮ್ಮೆಯಾದರೂ ತೆರೆದು ನೋಡುವುದು ಒಳ್ಳೆಯದು.

ಮೊದಲಿಗೆ, ಕ್ರೈಸ್ತಮತವು ಆಫ್ರಿಕಕ್ಕೆ ಯುರೋಪಿನ ಹಡಗಿನಲ್ಲಿಯೇ ಬಂದದ್ದಲ್ಲ. ಸಂತ ಆಗಸ್ಟೀನ್ ಇಂದಿನ ಅಲ್ಜೀರಿಯದ ನೆಲದಲ್ಲಿ ಹುಟ್ಟಿದವನು. ಇಥಿಯೋಪಿಯದ ಅಕ್ಸುಮ್ ಅರಸ ಏಜಾನನು 4ನೆಯ ಶತಮಾನದಲ್ಲಿಯೇ ಆ ಮತವನ್ನು ಸ್ವೀಕರಿಸಿದ್ದನು. ಇಂಗ್ಲೆಂಡಿನ ಆಂಗ್ಲೋಸ್ಯಾಕ್ಸನ್ ದೊರೆಗಳು ದೀಕ್ಷೆ ಪಡೆದದ್ದು ಅದಾದ ಎರಡು ಶತಮಾನಗಳ ನಂತರ. ಗುಲಾಮಗಿರಿಯ ಕಾಲದಲ್ಲಿ ಹಡಗೇರಿ ಬಂದದ್ದು ಕ್ರೈಸ್ತಮತದ ಒಂದು ನಿರ್ದಿಷ್ಟ ರೂಪ. ಮನುಷ್ಯನನ್ನು ಸೊತ್ತೆಂದು ಕಾಣಲು ಅನುಮತಿ ನೀಡಿದ ರೂಪ. 1452 ಮತ್ತು 1455ರಲ್ಲಿ ಐದನೆಯ ನಿಕೋಲಸ್ ಪೋಪನು ಪೋರ್ಚುಗಲ್ಲಿನ ಅರಸನಿಗೆ ಅನ್ಯಮತೀಯರನ್ನು ಜಯಿಸಿ ಶಾಶ್ವತ ದಾಸ್ಯಕ್ಕೆ ತಳ್ಳುವ ಅಧಿಕಾರವನ್ನು ಶಾಸನಬದ್ಧವಾಗಿಯೇ ಕೊಟ್ಟನು.

ಇದರ ಫಲವನ್ನು ಕಾಂಗೋ ರಾಜ್ಯ ಉಂಡಿತು. ಅಲ್ಲಿಯ ಅರಸ 1491ರಲ್ಲಿ ದೀಕ್ಷಾಸ್ನಾನ ಪಡೆದನು. ಯಾರೂ ಅವನನ್ನು ಯುದ್ಧದಲ್ಲಿ ಸೋಲಿಸಿರಲಿಲ್ಲ. ಅವನ ಮಗ ಅಫೋನ್ಸೊ ಭಕ್ತ ಕ್ರೈಸ್ತ. ಶಾಲೆಗಳನ್ನು ಸ್ಥಾಪಿಸಿದವನು, ಮಗನನ್ನು ಬಿಷಪ್ ಪದವಿಗೇರಿಸಿದವನು. 1526ರಲ್ಲಿ ಅವನು ಪೋರ್ಚುಗಲ್ಲಿನ ದೊರೆಗೆ ಪತ್ರ ಬರೆದು, ನಿಮ್ಮ ವರ್ತಕರು ನಮ್ಮ ಕುಲೀನರ ಮಕ್ಕಳನ್ನೂ ಬಂಧುಗಳನ್ನೂ ಹಿಡಿದು ಮಾರುತ್ತಿದ್ದಾರೆ, ನಮಗೆ ಬೇಕಾಗಿರುವುದು ಪಾದ್ರಿಗಳು ಮತ್ತು ಉಪಾಧ್ಯಾಯರು ಮಾತ್ರ ಎಂದು ಮೊರೆಯಿಟ್ಟನು. ಯುದ್ಧಕೈದಿಗಳನ್ನು ಮಾರುವುದರಲ್ಲಿ ಅಫೋನ್ಸೊ ಕೂಡ ಪಾಲುದಾರನೇ ಆಗಿದ್ದನೆಂಬುದನ್ನು ಮರೆಯಬಾರದು. ಆದರೆ ಒಂದೇ ದೇವರನ್ನು ಪೂಜಿಸುವ ಸೋದರ ದೊರೆಯ ಮೊರೆ ವ್ಯಾಪಾರವನ್ನು ನಿಲ್ಲಿಸಲಿಲ್ಲ. ಮುಂದೆ ಲುವಾಂಡ ಬಂದರಿನಲ್ಲಿ ಸೆರೆಯಾಳುಗಳಿಗೆ ಸಾಮೂಹಿಕ ದೀಕ್ಷಾಸ್ನಾನ ಮಾಡಿಸಿ ಹಡಗು ಹತ್ತಿಸುವ ಪದ್ಧತಿಯೇ ಬೆಳೆಯಿತು. ಅಟ್ಲಾಂಟಿಕ್ ಗುಲಾಮ ವ್ಯಾಪಾರದಲ್ಲಿ ಹಡಗೇರಿಸಲಾದವರು ಸುಮಾರು 1 ಕೋಟಿ 25 ಲಕ್ಷ ಜನ; ಅವರಲ್ಲಿ 15 ಲಕ್ಷಕ್ಕೂ ಹೆಚ್ಚು ಮಂದಿ ದಡ ಕಾಣಲಿಲ್ಲ.

ಇಂಗ್ಲಿಷ್ ವಸಾಹತುಗಳ ಕಥೆ ಇದಕ್ಕಿಂತ ಭಿನ್ನ. ಅಲ್ಲಿಯ ತೋಟದ ಒಡೆಯರಿಗೆ ಗುಲಾಮರನ್ನು ಮತಾಂತರಿಸುವ ಉತ್ಸಾಹವಿರಲಿಲ್ಲ, ಭಯವಿತ್ತು. ಕ್ರೈಸ್ತನನ್ನು ಕ್ರೈಸ್ತನು ಗುಲಾಮನನ್ನಾಗಿ ಇಟ್ಟುಕೊಳ್ಳಬಹುದೇ ಎಂಬ ಪ್ರಶ್ನೆ ನ್ಯಾಯಾಲಯದ ಮೆಟ್ಟಿಲೇರಿದರೆ ಸೊತ್ತು ಕೈಬಿಟ್ಟು ಹೋದೀತು ಎಂಬ ಭಯ. ವರ್ಜೀನಿಯದ ಶಾಸನಸಭೆ 1667ರಲ್ಲಿ ಈ ಭಯವನ್ನು ನಿವಾರಿಸಿತು: ದೀಕ್ಷಾಸ್ನಾನದಿಂದ ಗುಲಾಮನ ಸ್ಥಿತಿ ಬದಲಾಗದು ಎಂದು ಕಾಯಿದೆ ಮಾಡಿತು. ಆತ್ಮ ದೇವರಿಗೆ, ದೇಹ ಒಡೆಯನಿಗೆ. ಈ ಪಾಲುಪತ್ರದ ಮೇಲೆಯೇ ಮುಂದಿನ ಮತಪ್ರಚಾರವೆಲ್ಲ ನಡೆಯಿತು. ಸುವಾರ್ತೆಯನ್ನು ಸಾರಲೆಂದೇ 1701ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಆಂಗ್ಲಿಕನ್ ಸಂಘವೊಂದಕ್ಕೆ ಬಾರ್ಬಡೋಸಿನ ಕಾಡ್ರಿಂಗ್ಟನ್ ತೋಟಗಳು ಉಯಿಲಿನ ಮೂಲಕ ದೊರೆತವು. ಆ ಧರ್ಮಸಂಘ ತನ್ನ ಗುಲಾಮರ ಎದೆಯ ಮೇಲೆ ‘ಸೊಸೈಟಿ’ ಎಂಬ ಪದವನ್ನು ಕಾದ ಕಬ್ಬಿಣದಿಂದ ಬರೆಸಿತು. ಇದಕ್ಕಾಗಿ ಇಂಗ್ಲೆಂಡಿನ ಚರ್ಚು ಕ್ಷಮೆ ಕೇಳಿದ್ದು 2006ರಲ್ಲಿ.

ಕೊಡಲೇಬೇಕಾಗಿ ಬಂದಾಗ ಒಡೆಯರು ಗ್ರಂಥವನ್ನು ಕತ್ತರಿಸಿ ಕೊಟ್ಟರು. 1807ರಲ್ಲಿ ಲಂಡನ್ನಿನಲ್ಲಿ ಕೆರಿಬಿಯನ್ ದ್ವೀಪಗಳ ಗುಲಾಮರಿಗೆಂದು ಬೈಬಲಿನ ಆಯ್ದ ಭಾಗಗಳ ಒಂದು ಪುಸ್ತಕ ಅಚ್ಚಾಯಿತು. ಪ್ರಾಟೆಸ್ಟಂಟ್ ಬೈಬಲಿನ 1,189 ಅಧ್ಯಾಯಗಳ ಪೈಕಿ ಅದರಲ್ಲಿ ಉಳಿದದ್ದು 232 ಮಾತ್ರ. ಫರೋಹನ ದಾಸ್ಯದಿಂದ ಇಸ್ರಾಯೇಲ್ಯರನ್ನು ಮೋಶೆ ಬಿಡಿಸಿಕೊಂಡು ಬಂದ ಕಥೆ ಅದರಲ್ಲಿಲ್ಲ. ದಾಸನೆಂದೂ ಸ್ವತಂತ್ರನೆಂದೂ ಭೇದವಿಲ್ಲವೆನ್ನುವ ಗಲಾತ್ಯ ಪತ್ರಿಕೆಯ ಮಾತಿಲ್ಲ. ದಾಸರು ಯಜಮಾನರಿಗೆ ವಿಧೇಯರಾಗಿರಬೇಕೆಂಬ ಎಫೆಸ ಪತ್ರಿಕೆಯ ಮಾತು ಮಾತ್ರ ಭದ್ರವಾಗಿದೆ. ಗುಲಾಮರು ಆ ಗ್ರಂಥದಲ್ಲಿ ಏನನ್ನು ಹುಡುಕಿಯಾರೆಂಬುದು ಕತ್ತರಿ ಹಿಡಿದವರಿಗೆ ಚೆನ್ನಾಗಿಯೇ ತಿಳಿದಿತ್ತು.

ಅವರು ಅದನ್ನೇ ಹುಡುಕಿದರು. 1823ರಲ್ಲಿ ಇಂದಿನ ಗಯಾನಕ್ಕೆ ಸೇರಿದ ಡೆಮೆರಾರದಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಗುಲಾಮರು ದಂಗೆಯೆದ್ದಾಗ, ಅದರ ಮುಖಂಡರಲ್ಲೊಬ್ಬನಾದ ಕ್ವಾಮಿನಾ ಅಲ್ಲಿಯ ಪ್ರಾರ್ಥನಾಲಯದ ಡೀಕನ್ ಆಗಿದ್ದನು. ಅದರ ಪಾದ್ರಿ ಜಾನ್ ಸ್ಮಿತ್ ಎಂಬ ಬಿಳಿಯನಿಗೂ ಮರಣದಂಡನೆ ವಿಧಿಸಲಾಯಿತು. ಅವನು ಸೆರೆಮನೆಯಲ್ಲಿಯೇ ತೀರಿಕೊಂಡನು. 1831ರ ಕ್ರಿಸ್‌ಮಸ್ ವೇಳೆಗೆ ಜಮೈಕದಲ್ಲಿ ಬ್ಯಾಪ್ಟಿಸ್ಟ್ ಡೀಕನ್ ಸ್ಯಾಮ್ಯುಯೆಲ್ ಶಾರ್ಪ್ ಹತ್ತಾರು ಸಾವಿರ ಗುಲಾಮರನ್ನು ಕೆಲಸ ನಿಲ್ಲಿಸಲು ಸಂಘಟಿಸಿದನು. ಅವನನ್ನು ಗಲ್ಲಿಗೇರಿಸಿದ ಒಡೆಯರು ಬ್ಯಾಪ್ಟಿಸ್ಟ್ ಪ್ರಾರ್ಥನಾಲಯಗಳಿಗೆ ಬೆಂಕಿಯಿಟ್ಟರು. ಗುಲಾಮರನ್ನು ಪಳಗಿಸುವುದಕ್ಕಷ್ಟೇ ಈ ಮತ ಉಪಯೋಗಕ್ಕೆ ಬಂದಿದ್ದರೆ, ಕ್ರೈಸ್ತ ಒಡೆಯರೇ ಅದರ ಪ್ರಾರ್ಥನಾಲಯಗಳನ್ನು ಏಕೆ ಸುಡಬೇಕಾಗಿತ್ತು?

1833ರಲ್ಲಿ ಬ್ರಿಟಿಷ್ ಸಂಸತ್ತು ಗುಲಾಮಗಿರಿಯನ್ನು ರದ್ದುಪಡಿಸಿ 2 ಕೋಟಿ ಪೌಂಡುಗಳ ಪರಿಹಾರ ನೀಡಿತು, ಗುಲಾಮರಿಗಲ್ಲ, ಒಡೆಯರಿಗೆ. ಡೆಮೆರಾರದ ದಂಗೆ ಆರಂಭವಾದ ತೋಟದ ಒಡೆಯ ಜಾನ್ ಗ್ಲಾಡ್‌ಸ್ಟನ್‌ಗೆ ತನ್ನ ಎಲ್ಲ ತೋಟಗಳ ಲೆಕ್ಕದಲ್ಲಿ ಒಂದು ಲಕ್ಷ ಪೌಂಡಿಗೂ ಹೆಚ್ಚು ಹಣ ಸಂದಿತು. ಅದೇ ಮನುಷ್ಯ 1838ರಲ್ಲಿ ಕಲ್ಕತ್ತೆಯಿಂದ ಭಾರತೀಯ ಕೂಲಿಗಳನ್ನು ಕರಾರಿನ ಮೇಲೆ ಅಲ್ಲಿಗೆ ಸಾಗಿಸಿದನು. ಈ ಕೂಲಿಗಳನ್ನು ಯಾರೂ ಮತಾಂತರಿಸಿ ಹಡಗು ಹತ್ತಿಸಲಿಲ್ಲ. ಒಡೆಯನಿಗೆ ಬೇಕಾಗಿದ್ದದ್ದು ದುಡಿಯುವ ಕೈಗಳೇ ಹೊರತು ನಂಬುವ ಹೃದಯಗಳಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷ್ಯ ಬೇಕೆ?

ಆಫ್ರಿಕ ಖಂಡದೊಳಗಿನ ಕಥೆಯೂ ಇದೇ ದಾರಿಯದು. ಯೊರುಬ ಜನಾಂಗದ ಸ್ಯಾಮ್ಯುಯೆಲ್ ಅಜಾಯಿ ಕ್ರೌದರ್ ಬಾಲ್ಯದಲ್ಲಿ ಗುಲಾಮನಾಗಿ ಮಾರಲ್ಪಟ್ಟು, 1822ರಲ್ಲಿ ಬಿಡುಗಡೆ ಹೊಂದಿ, ಬೈಬಲನ್ನು ತನ್ನ ನುಡಿಗೆ ತಂದನು. 1864ರಲ್ಲಿ ಬಿಷಪ್ ಆದನು. ಆದರೆ 1890ರ ಹೊತ್ತಿಗೆ ವಸಾಹತುಶಾಹಿಯ ಬಿಗಿ ಹೆಚ್ಚಿದಂತೆ ಯುವ ಆಂಗ್ಲ ಮಿಷನರಿಗಳು ಆ ವೃದ್ಧನನ್ನು ಅವಮಾನಿಸಿ ಅಧಿಕಾರ ಕಸಿದರು. ಅವನ ತರುವಾಯ ಆ ಪೀಠಕ್ಕೆ ಬಂದವನು ಆಂಗ್ಲನೇ. ಬೆಲ್ಜಿಯನ್ ಕಾಂಗೋದಲ್ಲಿ ಸೈಮನ್ ಕಿಂಬಾಂಗು 1921ರಲ್ಲಿ ಕೆಲವೇ ತಿಂಗಳು ಬೋಧಿಸಿದನು, ಜನಸಾಗರ ನೆರೆಯಿತು. ಕ್ರೈಸ್ತ ಸರಕಾರ ಈ ಕ್ರೈಸ್ತ ಬೋಧಕನಿಗೆ ಮರಣದಂಡನೆ ವಿಧಿಸಿ, ಬಳಿಕ ಅದನ್ನು ಜೀವಾವಧಿಗಿಳಿಸಿತು. ಮೂವತ್ತು ವರ್ಷ ಸೆರೆಯಲ್ಲಿದ್ದು 1951ರಲ್ಲಿ ಅವನು ಅಲ್ಲಿಯೇ ಸತ್ತನು.

ಮಿಷನ್ ಶಾಲೆಯ ಅಕ್ಷರ, ಸರಕಾರಿ ಉದ್ಯೋಗದ ಆಸೆ, ಅಧಿಕಾರದ ನೆರಳು, ಇವೆಲ್ಲ ಮತಾಂತರಕ್ಕೆ ಕಾರಣವಾದದ್ದು ನಿಜ. ಸ್ಥಳೀಯ ಆರಾಧನೆಗಳನ್ನು ಪೈಶಾಚಿಕವೆಂದು ಹಳಿದು ನಾಶಪಡಿಸಿದ್ದೂ ನಿಜ. ಆದರೆ 1900ರಲ್ಲಿ ಆಫ್ರಿಕದ ಕ್ರೈಸ್ತರು ಸುಮಾರು ಒಂದು ಕೋಟಿ; ಇಂದು 50 ಕೋಟಿಗೂ ಮಿಕ್ಕಿ. ಇದರ ಬಹುಪಾಲು ಯುರೋಪಿನ ಬಾವುಟಗಳು ಇಳಿದ ಮೇಲಿನ ಬೆಳವಣಿಗೆ, ಆಫ್ರಿಕದ ಬೋಧಕರಿಂದಲೇ ಆದ ಬೆಳವಣಿಗೆ. ಬಂದೂಕಿನ ಕಥೆಯೊಂದೇ ಇದನ್ನು ವಿವರಿಸಲಾರದು.

ಹಾಗಾದರೆ ಅಪರಾಧ ಯಾವುದು? ಒಬ್ಬನ ನಂಬಿಕೆ ಬದಲಾದದ್ದಲ್ಲ. ಆತ್ಮವನ್ನೂ ದೇಹವನ್ನೂ ಬೇರ್ಪಡಿಸಿ, ಆತ್ಮದ ಸದ್ಗತಿಯ ಹೆಸರಿನಲ್ಲಿ ದೇಹದ ದಾಸ್ಯವನ್ನು ಸಮರ್ಥಿಸಿದ್ದು ಅಪರಾಧ. ಭೇದವಿಜ್ಞಾನವನ್ನು ದಿನವೂ ಸ್ವಾಧ್ಯಾಯ ಮಾಡುವ ನಮಗೆ ಈ ತರ್ಕದ ಅಪಾಯ ಬೇಗ ಹೊಳೆಯಬೇಕು. ತತ್ತ್ವಾರ್ಥಸೂತ್ರದ 7ನೆಯ ಅಧ್ಯಾಯದಲ್ಲಿ ಶ್ರಾವಕನ ಪರಿಗ್ರಹ ಪರಿಮಾಣದ ಪಟ್ಟಿಯಿದೆ. ಹೊಲ, ಮನೆ, ಬೆಳ್ಳಿ, ಬಂಗಾರಗಳ ಸಾಲಿನಲ್ಲಿ ದಾಸೀ-ದಾಸರೂ ಇದ್ದಾರೆ. ಅಲ್ಲಿ ಹೇಳಿರುವುದು ಮಿತಿಯನ್ನು ಮೀರಬಾರದೆಂದು, ಇಟ್ಟುಕೊಳ್ಳಲೇಬಾರದೆಂದಲ್ಲ. ಅಹಿಂಸೆಯನ್ನು ಪರಮಧರ್ಮವೆಂದು ಬಗೆದ ಪರಂಪರೆಯೂ ಮನುಷ್ಯನನ್ನು ಸೊತ್ತಿನ ಪಟ್ಟಿಯಲ್ಲಿ ಕಂಡಿತ್ತು. ಅನ್ಯಮತದ ಪಾಪವನ್ನು ಎಣಿಸಿ ತೃಪ್ತಿಪಡುವ ಮುನ್ನ ನಾವು ಈ ಸೂತ್ರವನ್ನೂ ಓದಬೇಕು. ನಮ್ಮ ಅಂಗಡಿಗಳಲ್ಲಿ, ಮನೆಗಳಲ್ಲಿ, ಬಸದಿಗಳಲ್ಲಿ ದುಡಿಯುವವರ ಕೂಲಿ ಎಷ್ಟೆಂಬುದನ್ನೂ ಲೆಕ್ಕಹಾಕಬೇಕು.