ಬ್ರಹ್ಮದೇಶದಿಂದ ನಡೆದು ಬಂದವರು

ಮನೆಯ ಹಿರಿಯರು ಗತಿಸಿದ ಮೇಲೆ ಅವರ ಪೆಟ್ಟಿಗೆಯನ್ನು ತೆರೆದು ನೋಡುವುದು ಲೋಕರೂಢಿ. ಅದರೊಳಗೆ ರಂಗೂನಿನ ರಸೀತಿಯೊಂದು ಕಂಡಾಗ, ಅಜ್ಜನು ಬಾಯಿ ಬಿಟ್ಟು ಹೇಳದಿದ್ದ ಕಥೆಯು ಮೊಮ್ಮಕ್ಕಳಿಗೆ ಮೊದಲ ಸಲ ಗೋಚರವಾಗುತ್ತದೆ. 1942ರಲ್ಲಿ ಬ್ರಹ್ಮದೇಶದಿಂದ ಕಾಲ್ನಡಿಗೆಯಲ್ಲಿ ಬಂದ ಭಾರತೀಯರ ವೃತ್ತಾಂತವು ಹೀಗೆಯೇ ತುಣುಕು ತುಣುಕಾಗಿ ಹೊರಬೀಳುತ್ತಿದೆ.

1931ರ ಜನಗಣತಿಯಂತೆ ಆ ದೇಶದಲ್ಲಿ ಭಾರತೀಯರು ಸುಮಾರು 10 ಲಕ್ಷ. ರಂಗೂನಿನಲ್ಲಂತೂ ಅರ್ಧಕ್ಕಿಂತ ಹೆಚ್ಚು ಜನರು ಅವರೇ. ಬಂದರಿನಲ್ಲಿ ಮೂಟೆ ಹೊತ್ತವರೂ, ಬೀದಿ ಗುಡಿಸಿದವರೂ, ಕಚೇರಿಗಳಲ್ಲಿ ಲೆಕ್ಕ ಬರೆದವರೂ ಅವರಲ್ಲಿದ್ದರು. 1941ರ ಡಿಸೆಂಬರ್ 23ರಂದು ಜಪಾನೀಯರ ಬಾಂಬುಗಳು ಆ ನಗರದ ಮೇಲೆ ಬಿದ್ದವು. 1942ರ ಮಾರ್ಚ್ 8ರಂದು ನಗರವೇ ಅವರ ವಶವಾಯಿತು. ಹಡಗಿನಲ್ಲಿ ಸ್ಥಳ ದೊರೆಯದ ಜನರು ನಡೆದೇ ಹೊರಟರು. ಕೆಲವರು ತೌಂಗಪ್ ಮಾರ್ಗವಾಗಿ ಅರಾಕಾನಿಗೆ, ಕೆಲವರು ಚಿಂದ್ವಿನ್ ನದಿ ದಾಟಿ ತಾಮುವಿನ ಮೂಲಕ ಮಣಿಪುರಕ್ಕೆ, ಕೊನೆಗೆ ಉಳಿದವರು ಮಳೆಗಾಲದ ಕೆಸರಿನಲ್ಲಿ ಹುಕಾಂಗ್ ಕಣಿವೆ ಹಾಯ್ದು ಅಸ್ಸಾಮಿಗೆ. ದೇಶ ಬಿಟ್ಟವರು 4ರಿಂದ 5 ಲಕ್ಷವೆಂದು ಅಂದಾಜು. ಹಸಿವು, ಕಾಲರಾ, ಮಲೇರಿಯಗಳಿಂದ ಮಡಿದವರು 10 ಸಾವಿರವೆಂದು ಕೆಲವರು, 50 ಸಾವಿರಕ್ಕೂ ಮಿಗಿಲೆಂದು ಕೆಲವರು ಹೇಳುತ್ತಾರೆ. ಈ ಅಂತರವೊಂದೇ ಸಾಕು, ಸತ್ತವರನ್ನು ಸರಿಯಾಗಿ ಎಣಿಸಿಟ್ಟವರಿಲ್ಲವೆಂಬುದಕ್ಕೆ.

ಇದೆಲ್ಲವೂ ಶತ್ರುವಿನ ಕೃತ್ಯವೇ? ಅಲ್ಲ. ಡೆಕ್ಕಿನಲ್ಲಿ ಪ್ರಯಾಣ ಮಾಡುವ ಬಡ ಗಂಡಸರು ಹಡಗು ಹತ್ತಬಾರದೆಂದು 1942ರ ಆರಂಭದಲ್ಲಿ ಅಲ್ಲಿಯ ಸರಕಾರವೇ ನಿರ್ಬಂಧಿಸಿತ್ತು. ನಗರ ನಡೆಯಲು ಅವರ ದುಡಿಮೆ ಬೇಕಾಗಿತ್ತು. ದಾರಿಯಲ್ಲಿಯೂ ಬಿಳಿಯರಿಗೊಂದು, ಕರಿಯರಿಗೊಂದು ಎಂಬ ಭೇದವಿತ್ತು. ವೈಸರಾಯರ ಕಾರ್ಯಕಾರಿ ಮಂಡಲದಲ್ಲಿದ್ದ ಮಾಧವ ಶ್ರೀಹರಿ ಅಣೆಯವರು ಸ್ವತಃ ಮಣಿಪುರಕ್ಕೆ ಹೋಗಿ ಅದನ್ನು ಖಂಡಿಸಿದರು. ಗಾಂಧೀಜಿಯವರೂ 'ಹರಿಜನ' ಪತ್ರಿಕೆಯಲ್ಲಿ ಆ ಎರಡು ದಾರಿಗಳ ಮಾತನ್ನೆತ್ತಿದರು.

ಆಂಗ್ಲ ಇತಿಹಾಸಕಾರ ಹ್ಯೂ ಟಿಂಕರರು 1975ರಲ್ಲಿ ಇದನ್ನು ಮರೆತುಹೋದ ದೀರ್ಘ ನಡಿಗೆಯೆಂದು ಕರೆದರು. ಅಮಿತಾವ ಘೋಷರು ಮನೆಯ ಹಿರಿಯರಿಂದ ಕೇಳಿದುದನ್ನು ಆಧಾರವಾಗಿಟ್ಟುಕೊಂಡು 2000ದಲ್ಲಿ 'ದಿ ಗ್ಲಾಸ್ ಪ್ಯಾಲೇಸ್' ಕಾದಂಬರಿಯನ್ನು ರಚಿಸಿದರು. ಇವು ಸ್ತುತ್ಯವೇ, ಆದರೆ ಇಷ್ಟೇ ಸಾಕೆ? ಬರೆಯಬಲ್ಲವರ ಮನೆಯಲ್ಲಿ ಪತ್ರವಾದರೂ ಉಳಿಯಿತು. ಕೂಲಿಯವನ ಕಥೆಯು ಅವನ ನಾಲಗೆಯ ಮೇಲೆ ಮಾತ್ರ ಇತ್ತು. ಅವನೊಡನೆ ಅದೂ ಮಣ್ಣಾಯಿತು.

ಹಳೆಯ ಹುಣ್ಣನ್ನು ಕೆದಕುವುದೇಕೆಂದು ಕೆಲವರು ಕೇಳಬಹುದು. ಹಿರಿಯರು ಸುಮ್ಮನಿದ್ದುದು ನೋವು ಇಲ್ಲದ್ದರಿಂದಲ್ಲ. ದಾರಿಯಲ್ಲಿ ತಾಯಿಯನ್ನೋ ತಮ್ಮನನ್ನೋ ಬಿಟ್ಟು ಮುಂದೆ ನಡೆದವನು ಅದನ್ನು ಮಕ್ಕಳೆದುರಿಗೆ ಹೇಗೆ ಹೇಳಿಯಾನು? ಆತನ ಮೌನವನ್ನು ಗೌರವಿಸೋಣ. ಆದರೆ ಆ ಮೌನವು ಅಂದಿನ ಆಳರಸರ ಅನ್ಯಾಯಕ್ಕೆ ಮರೆಯಾಗಬಾರದು.

1942ರಲ್ಲಿ ಹತ್ತು ವರ್ಷದವರಾಗಿದ್ದವರಿಗೆ ಈಗ ತೊಂಬತ್ತು ಮೀರಿದೆ. ಆದುದರಿಂದ ವಿಳಂಬಕ್ಕೆ ಆಸ್ಪದವಿಲ್ಲ. ಮೊಮ್ಮಕ್ಕಳು ಕೇಳಿ ಬರೆದುಕೊಳ್ಳಲಿ. ನೆನಪು ತಪ್ಪುವುದೂ ಉಂಟಾದುದರಿಂದ ಊರು, ದಿನ, ಮಾರ್ಗಗಳನ್ನು ಸರಕಾರಿ ಕಾಗದಗಳೊಡನೆ ತಾಳೆ ನೋಡಲಿ. ವಿಶ್ವವಿದ್ಯಾಲಯಗಳೂ ಪತ್ರಾಗಾರಗಳೂ ಅಂಥ ಬರಹವನ್ನು ಆದರದಿಂದ ಸ್ವೀಕರಿಸಿ ಕಾಪಾಡಲಿ. ದಂಡನಾಯಕರ ಹೆಸರು ಶಿಲೆಯ ಮೇಲಿದೆ. ನಡೆದು ಬದುಕಿದವನ ಹೆಸರು ಕಾಗದದ ಮೇಲಾದರೂ ಇರಬೇಕೆಂಬುದೇ ನಮ್ಮ ಆಗ್ರಹ.