ಒಬ್ಬರಿಗೆ ಎಷ್ಟು ಮಕ್ಕಳು?

ಒಬ್ಬ ಆಳು ಎಷ್ಟು ಮಗ್ಗ ನೋಡಬೇಕೆಂಬ ಪ್ರಶ್ನೆ ಗಿರಣಿಯವರಿಗೆ ಹೊಸದಲ್ಲ. 1955ರಲ್ಲಿ ಕಾನಪುರದ ಬಟ್ಟೆ ಗಿರಣಿಗಳ ಕಾರ್ಮಿಕರು 80 ದಿನ ಮುಷ್ಕರ ಹೂಡಿದ್ದು ಕೆಲಸದ ಹೊರೆ ಏರಿಸಿದ್ದಕ್ಕೇ. ಮಗ್ಗ ಹೆಚ್ಚಿದರೆ ನೂಲು ಹರಿಯುತ್ತದೆ, ಮಾಲೀಕನ ಕಣ್ಣಿಗೆ ಬೀಳುತ್ತದೆ. ಮಾತು ಬಾರದ ಮಗುವಿನ ಕಲಿಕೆ ಕೆಟ್ಟರೆ ಯಾರ ಕಣ್ಣಿಗೆ ಬಿದ್ದೀತು?

ತೊದಲುವ, ನಾಲಿಗೆ ಹೊರಳದ, ಕಿವಿ ಮಂದವಾದ ಮಕ್ಕಳು ನಮ್ಮ ಶಾಲೆಗಳಲ್ಲಿದ್ದಾರೆ. ಅವರಿಗೆ ವಾಕ್ ಚಿಕಿತ್ಸಕರು ಬೇಕು. ಆ ವಿದ್ಯೆ ಕಲಿಸುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಲ್ಲಿಯೇ ಮೈಸೂರಿನಲ್ಲಿ ಹುಟ್ಟಿತು. ಆದರೂ ಹೊಸದುರ್ಗ, ಹೊಳಲ್ಕೆರೆಯ ಹಳ್ಳಿಗಳಿಗೆ ಬರುವವರು ತಾಲ್ಲೂಕಿನ ಸಂಪನ್ಮೂಲ ಶಿಕ್ಷಕರು. ಕಣ್ಣು ಕಾಣದ ಮಗು, ನಡೆಯಲಾರದ ಮಗು, ಮನೆಯಲ್ಲೇ ಮಲಗಿದ ಮಗು, ಎಲ್ಲವೂ ಅವರ ಪಾಲಿಗೇ. ಅವರನ್ನು ನಾವು ದೂರುವುದಿಲ್ಲ.

ಲೆಕ್ಕ ಹಾಕೋಣ, ವ್ಯಾಪಾರಿ ಮಿತ್ರರಿಗೆ ಲೆಕ್ಕ ಹೇಳಿಕೊಡಬೇಕಾಗಿಲ್ಲ. ಒಬ್ಬರ ಪಟ್ಟಿಯಲ್ಲಿ 60 ಮಕ್ಕಳೆನ್ನಿ. ಮಗುವಿಗೆ ವಾರದಲ್ಲಿ ಎರಡು ಸಲ, ಸಲಕ್ಕೆ ಅರ್ಧ ಗಂಟೆ. ಅಲ್ಲಿಗೇ 60 ಗಂಟೆ ಆಯಿತು! ಹಿರಿಯೂರಿನ ಹಳ್ಳಿ ರಸ್ತೆಯಲ್ಲಿ ಬಸ್ಸು ಕಾಯುವ ಹೊತ್ತು, ಮನೆಯಲ್ಲಿ ಏನು ಮಾಡಿಸಬೇಕೆಂದು ತಾಯಿಗೆ ತೋರಿಸುವ ಹೊತ್ತು, ತರಗತಿಯ ಮೇಷ್ಟರೊಡನೆ ಆಡುವ ಮಾತು, ವರದಿಯ ಬರವಣಿಗೆ, ಇದಾವುದೂ ಅದರಲ್ಲಿ ಸೇರಿಲ್ಲ. ಕೊನೆಗೆ ವಾರಕ್ಕೆರಡು ಸಲದ ಪಾಠ ತಿಂಗಳಿಗೊಮ್ಮೆಗೆ ಇಳಿಯುತ್ತದೆ; ಕಾಗದದ ಮೇಲೆ ಮಾತ್ರ ಅರವತ್ತೂ ಮಕ್ಕಳಿಗೆ ಚಿಕಿತ್ಸೆ. ಅಮೆರಿಕದ ವಾಕ್ ಶ್ರವಣ ತಜ್ಞರ ಸಂಘ ಇದಕ್ಕಾಗಿಯೇ ತಲೆ ಎಣಿಸಿ ಒಂದು ಅಂಕಿ ಗೊತ್ತುಮಾಡುವುದಿಲ್ಲ. ಕೆಲಸವನ್ನೆಲ್ಲ ಎಣಿಸಿ ಎನ್ನುತ್ತದೆ.

ಕಾನೂನಿಗೆ ಕೊರತೆಯಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆ ಮಾತಿನ ನ್ಯೂನತೆಯನ್ನು ಹೆಸರಿಸಿಯೇ ಹೇಳಿದೆ. ಪ್ರಾಥಮಿಕದಲ್ಲಿ 10 ಮಕ್ಕಳಿಗೆ, ಮೇಲಿನ ತರಗತಿಗಳಲ್ಲಿ 15 ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕರಿರಬೇಕೆಂದು 2022ರಲ್ಲಿ ಕೇಂದ್ರ ಸರ್ಕಾರ ಗೊತ್ತುಮಾಡಿತು. ಅದು ವಿಶೇಷ ಶಿಕ್ಷಕರ ಮಾತು. ವಾಕ್ ಚಿಕಿತ್ಸಕರ ಲೆಕ್ಕ ಅದರಲ್ಲಿಲ್ಲ.

ಮಗುವನ್ನು ದುರ್ಗದ ಆಸ್ಪತ್ರೆಗೆ ಕರೆತನ್ನಿ ಎಂದು ಹೇಳುವುದು ಸುಲಭ. ಒಂದು ದಿನದ ಕೂಲಿ, ಎರಡು ಜನರ ಬಸ್ ಛಾರ್ಜು, ಅದೂ ವಾರ ವಾರ! ಮೂರನೆಯ ವಾರಕ್ಕೆ ತಾಯಿ ನಿಲ್ಲಿಸುತ್ತಾಳೆ. ನಿಲ್ಲಿಸದೆ ಏನು ಮಾಡಿಯಾಳು?

ತಾಲ್ಲೂಕಿಗೆ ಖಾಯಂ ವಾಕ್ ಚಿಕಿತ್ಸಕರು ಬೇಕು, ಓಡಾಟದ ಹೊತ್ತೂ ಕೆಲಸವೆಂದೇ ಲೆಕ್ಕವಾಗಬೇಕು. ಶಾಲಾಭಿವೃದ್ಧಿ ಸಮಿತಿಯ ಮುಂದಿನ ಸಭೆಯಲ್ಲಿ ನೀವೇ ಎದ್ದು ಕೇಳಿರಿ: ನಮ್ಮ ತಾಲ್ಲೂಕಿನ ಪಟ್ಟಿಯಲ್ಲಿ ಎಷ್ಟು ಮಕ್ಕಳು, ಮಗುವಿಗೆ ವಾರಕ್ಕೆ ಎಷ್ಟು ಗಂಟೆ? ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿರಿ.